ಮುಳ್ಳು ಮೆಚ್ಚುವವರು ಬೇಕಾಗಿದ್ದಾರೆ

ನಮ್ಮ ಬೀದಿಯಲ್ಲಿ ತೋಟ ಎಂಬ ಹೆಸರಿಗೆ ತಕ್ಕ ತೋಟ ಒಂದೂ ಇಲ್ಲ, ಅದನ್ನು ನಾನೇ ಮಾಡಿ ತೋರಿಸಬೇಕು ಎಂದು ಒಂದು ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ನಿರ್ಧರಿಸಿದೆ. ನನ್ನ ಮಹತ್ತರ ನಿರ್ಧಾರಗಳೆಲ್ಲ ಹುಟ್ಟುವುದು ಹಲ್ಲುಜ್ಜುವಾಗಲೇ. ಬಾಯಿ ತುಂಬ ನೊರೆ ಇರುವುದರಿಂದ ಆ ಹೊತ್ತಿನಲ್ಲಿ ಹೆಂಡತಿಯ ಜೊತೆ ಚರ್ಚೆಗೆ ಅವಕಾಶವಿರುವುದಿಲ್ಲ. ಬಾಯಿ ಮುಕ್ಕಳಿಸುವಷ್ಟರಲ್ಲಿ ನಿರ್ಧಾರ ಗಟ್ಟಿಯಾಗಿಬಿಟ್ಟಿರುತ್ತದೆ!

ಏನು ಬೆಳೆಸಬೇಕು? ಗುಲಾಬಿಯೇ? ಛೆ! ದಾಸವಾಳವೇ? ಅದನ್ನು ಯಾರು ಬೇಕಾದರೂ ಬೆಳೆಸುತ್ತಾರೆ. ಎದುರುಮನೆಯ ಮೇಷ್ಟ್ರೇ ಬೆಳೆಸಿದ್ದಾರೆ ಅಂದಮೇಲೆ ಕೇಳಬೇಕೆ! ನಾನು ಬೆಳೆಸಲು ಹೊರಟದ್ದು ಥಿಸಲ್. ಅಂದರೆ ಮುಳ್ಳುಗಿಡ. ಹಾಗೆಂದರೆ ಜನ ಬೆಲೆ ಕೊಡುವುದಿಲ್ಲವಾದ್ದರಿಂದ ‘ಅಲಂಕಾರಿಕ ಥಿಸಲ್’ ಎನ್ನುತ್ತೇನೆ. ಹಾದಿಬದಿಯಲ್ಲಿ ಬ್ರಹ್ಮದಂಡೆ ಎಂದು ಬೆಳೆದಿರುತ್ತದಲ್ಲ, ದನಗಳೂ ಮೂಸಿ ಮುಂದೆ ಹೋಗುವ ಗಿಡ, ಅದರ ದೊಡ್ಡಮನೆಯ ದಾಯಾದಿ ಇದು. ಎದೆಯೆತ್ತರದ ಕಾಂಡ, ಗರಗಸದಂಥ ಎಲೆ, ತುದಿಯಲ್ಲಿ ನಿಂಬೆಹಣ್ಣಿನ ಗಾತ್ರದ ನೀಲಿ ಚೆಂಡು. ಆ ಚೆಂಡೇ ಹೂವು. ಅದರ ಮೇಲೂ ಮುಳ್ಳು.

ಈ ಗಿಡ ನನ್ನ ಕಣ್ಣಿಗೆ ಬಿದ್ದದ್ದು ಒಂದು ಪತ್ರಿಕೆಯಲ್ಲಿ. ನನ್ನದು ಕನ್ನಡಕದ ಅಂಗಡಿ. ಜನರ ಕಣ್ಣಿಗೆ ಗಾಜು ಬದಲಾಯಿಸಿ ಬದಲಾಯಿಸಿ, ‘ಇದು ಚೆನ್ನಾಗಿ ಕಾಣುತ್ತಾ, ಇದಾ?’ ಎಂದು ಕೇಳಿ ಕೇಳಿ, ಕಾಣದವರಿಗೆ ಕಾಣಿಸುವುದು ನನ್ನ ಕಸುಬು. ಗಿರಾಕಿಯೊಬ್ಬರು ಹೊಸ ಕನ್ನಡಕ ಹಾಕಿಕೊಂಡ ಸಂಭ್ರಮದಲ್ಲಿ ಕೈಯಲ್ಲಿದ್ದ ಪತ್ರಿಕೆ ಮರೆತು ಹೋದರು. ಬಿಡಿಸಿ ನೋಡಿದರೆ ಯಾವುದೋ ಅರಮನೆಯ ಅಂಗಳ, ಸಾಲಾಗಿ ನಿಂತ ನೀಲಿ ಥಿಸಲ್, ಪಕ್ಕದಲ್ಲಿ ಕೈಕಟ್ಟಿ ನಿಂತ ಶ್ರೀಮಂತರು. ಅವರ ಜಾಗದಲ್ಲಿ ನನ್ನನ್ನು ನಿಲ್ಲಿಸಿ ನೋಡಿದೆ. ಬಹಳ ಒಪ್ಪುತ್ತಿತ್ತು. ಅಂದೇ ಬೀಜಕ್ಕೆ ಹೇಳಿಕಳಿಸಿದೆ.

ಬೀಜದ ಪೊಟ್ಟಣ ಬಂದ ದಿನ ಹೆಂಡತಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಅವಳು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ವಾರವೆಲ್ಲ ಮಕ್ಕಳ ತಪ್ಪುಗಳಿಗೆ ಕೆಂಪು ಗೀಟು ಹಾಕಿ, ಕೈ ನಿಲ್ಲದೆ, ಮನೆಗೆ ಬಂದು ನನ್ನ ತಪ್ಪುಗಳಿಗೂ ಹಾಕುತ್ತಾಳೆ. ಮಕ್ಕಳಿಗಾದರೂ ಗ್ರೇಸ್ ಮಾರ್ಕ್ಸ್ ಉಂಟು.

“ಏನ್ರೀ ಇದು?”

“ಥಿಸಲ್.”

“ಮುಳ್ಳು ಅನ್ನಿ.”

“ಅಲಂಕಾರಿಕ ಥಿಸಲ್!”

“ಅಲಂಕಾರ ಮಾಡ್ಕೊಂಡಿರೋ ಮುಳ್ಳು ಅನ್ನಿ. ಎಲ್ಲಿ ಹಾಕ್ತೀರಿ?”

“ಗೇಟಿನಿಂದ ಬಾಗಿಲ ತನಕ, ದಾರಿಯ ಎರಡೂ ಕಡೆ.”

“ಆ ಜಾಗಕ್ಕೆ ಟೊಮೇಟೊ, ಬೀನ್ಸ್ ಹಾಕ್ಬೇಕು ಅಂತ ನಾನು ಹೋದ ವರ್ಷದಿಂದ ಹೇಳ್ತಾ ಇಲ್ವಾ?”

“ಟೊಮೇಟೊ ಅಂಗಡೀಲಿ ಸಿಗುತ್ತೆ ಕಣೇ!”

“ಮುಳ್ಳು ಬೀದೀಲೇ ಸಿಗುತ್ತೆ. ಚಪ್ಪಲಿ ಬಿಟ್ಟು ನಡೆದ್ರೆ ಸಾಕು, ತಾನಾಗೇ ಮನೆವರೆಗೂ ಬರುತ್ತೆ.”

“ನಿನಗೆ ಸೌಂದರ್ಯಪ್ರಜ್ಞೆ ಇಲ್ಲ.”

“ಹೌದು, ನಮ್ಮ ಮದುವೆ ಫೋಟೋ ನೋಡಿದವರೆಲ್ಲ ಹಾಗೇ ಅಂತಾರೆ.”

ಇಂಥ ಮಾತಿಗೆ ಉತ್ತರ ಹೊಳೆಯುವುದು ಮರುದಿನ ಬಸ್ಸಿನಲ್ಲಿ. ಆ ಕ್ಷಣಕ್ಕೆ ನಾನು ಎದೆಯುಬ್ಬಿಸಿ, “ಹೂ ಬಿಡಲಿ ನೋಡ್ತಿರು, ಬೀದಿಗೆ ಬೀದಿಯೇ ಬಂದು ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತೆ!” ಎಂದೆ.

“ಬೀದಿ ಬೇಡ. ಒಬ್ಬರು ಸಾಕು,” ಎಂದಳು. ಅವಳ ಕಣ್ಣಲ್ಲಿ ಪ್ರಶ್ನೆಪತ್ರಿಕೆ ತಯಾರಿಸುವಾಗಿನ ಮಿಂಚು ಬಂತು. “ಪಂದ್ಯ ಕಟ್ಟೋಣ. ಹೂ ಬಿಟ್ಟು ಅದು ಒಣಗೋದರೊಳಗೆ ಯಾರಾದರೂ ಒಬ್ಬರು, ನೀವು ಕೇಳದೆ, ನೀವು ಹೇಳಿಕೊಡದೆ, ತಾವಾಗೇ ‘ಎಷ್ಟು ಚೆನ್ನಾಗಿದೆ ಈ ಗಿಡ’ ಅಂದ್ರೆ ಆ ಜಾಗ ಜನ್ಮಪೂರ್ತಿ ನಿಮ್ಮದು. ನಾನು ತುಟಿ ಬಿಚ್ಚಲ್ಲ. ಯಾರೂ ಅನ್ನಲಿಲ್ವೋ, ನಿಮ್ಮ ಕೈಯಾರೆ ಕಿತ್ತು, ನೆಲ ಅಗೆದು, ನನಗೆ ಟೊಮೇಟೊ ಪಾತಿ ಮಾಡಿಕೊಡ್ಬೇಕು.”

“ಒಬ್ಬರೇ ಸಾಕಾ?” ಎಂದು ನಕ್ಕೆ. ಅಷ್ಟು ದೊಡ್ಡ ನಗು ನಾನು ಆಮೇಲೆ ನಗಲಿಲ್ಲ.

ಥಿಸಲ್‌ನ ದೊಡ್ಡಗುಣವೆಂದರೆ ಅದಕ್ಕೆ ಏನೂ ಬೇಡ. ನೀರು ಬೇಡ, ಗೊಬ್ಬರ ಬೇಡ, ಒಳ್ಳೆಯ ಮಾತೂ ಬೇಡ. ಇಂಥ ಸ್ವಭಾವದ ಸದಸ್ಯರು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಕಲ್ಲು ಮಣ್ಣಿನಲ್ಲೇ ಮೊಳೆತು, ಎಲೆ ಹರಡಿ, ನೋಡನೋಡುತ್ತಿದ್ದಂತೆ ನನ್ನ ಸೊಂಟ ಮುಟ್ಟಿದವು. ಗೇಟಿನಿಂದ ಬಾಗಿಲಿಗೆ ಬರುವ ದಾರಿ ಎರಡೂ ಕಡೆಯಿಂದ ಕಿರಿದಾಗುತ್ತಾ ಬಂತು. ನಾವು ಗಂಡ ಹೆಂಡತಿ ಅಡ್ಡಡ್ಡ ತಿರುಗಿ, ಹೊಟ್ಟೆ ಒಳಗೆಳೆದುಕೊಂಡು ನಡೆಯುವುದನ್ನು ಕಲಿತೆವು. ವ್ಯಾಯಾಮವಾಯಿತೆಂದು ನಾನು ಹಿಗ್ಗಿದೆ. ಕೊನೆಗೊಂದು ದಿನ ಹೂವೂ ಬಂತು ನೋಡಿ! ದುಂಡು ದುಂಡಗೆ, ನೀಲಿ ನೀಲಿಯಾಗಿ, ಸಾಲಿಗೆ ಸಾಲೇ! ನಾನು ಕೈಕಟ್ಟಿ ಪಕ್ಕದಲ್ಲಿ ನಿಂತೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತೀರೇನೋ. ಅನ್ನಿ. ನನ್ನ ಕಣ್ಣಂತೂ ತುಂಬಿ ಬಂದಿತ್ತು, ನಿಜವಾಗಿ.

ಮೊದಲ ಮೆಚ್ಚುಗೆ ಎದುರುಮನೆ ಮೇಷ್ಟ್ರದೇ ಎಂದು ನಾನು ಲೆಕ್ಕ ಹಾಕಿದ್ದೆ. ನಿವೃತ್ತರು, ಬಿಡುವಾಗಿರುವವರು, ಬೀದಿಯ ಪ್ರತಿಯೊಂದಕ್ಕೂ ಅಭಿಪ್ರಾಯ ಕೊಡುವವರು. ಅವರು ವಾಕಿಂಗ್ ಮುಗಿಸಿ ಬರುವ ಹೊತ್ತಿಗೆ ಸರಿಯಾಗಿ ಗೇಟಿನ ಬಳಿ ನಿಂತೆ. ಕೇಳುವಂತಿಲ್ಲ, ಹೇಳಿಕೊಡುವಂತಿಲ್ಲ, ಸುಮ್ಮನೆ ಗಿಡದ ಕಡೆ ನೋಡಿ ದೀರ್ಘವಾಗಿ ಉಸಿರೆಳೆದುಕೊಂಡೆ. ಮೇಷ್ಟ್ರು ನಿಂತರು. ಕನ್ನಡಕ ಸರಿಮಾಡಿಕೊಂಡರು. ನಾನೇ ಮಾಡಿಕೊಟ್ಟ ಕನ್ನಡಕ ಅದು!

“ಏನಪ್ಪಾ, ಕಳೆ ಕೀಳಿಸಿಲ್ವಾ? ಸೊಂಟ ನೋವಾ?” ಎಂದರು.

“ಇದು ಕಳೆಯಲ್ಲ ಸಾರ್!”

“ಹೌದೌದು, ಬಿಟ್ಟರೆ ಹೀಗೇ. ಕಳೆ ಅಂತ ಗೊತ್ತಾಗದ ಹಾಗೆ ಬೆಳೆದುಬಿಡುತ್ತೆ,” ಎಂದು ನನ್ನ ಬೆನ್ನು ತಟ್ಟಿ ಹೋದರು. ಕಿಟಕಿಯ ಹಿಂದಿನಿಂದ ನನ್ನ ಹೆಂಡತಿ ಒಗ್ಗರಣೆ ಹಾಕುವಷ್ಟೇ ಸಹಜವಾಗಿ, “ಒಂದು ಹೋಯ್ತು!” ಎಂದಳು.

ಅಂಚೆಯವನ ಮೇಲೆ ಆಸೆ ಇಟ್ಟೆ. ಮನೆ ಮನೆ ಸುತ್ತುವವನು, ಹತ್ತಾರು ತೋಟ ನೋಡಿದವನು. ಅವನೇನೋ ಗಿಡದ ಬಳಿ ಬಹಳ ಹೊತ್ತು ನಿಂತ. ಆದರೆ ನಿಂತದ್ದು ತನ್ನಿಷ್ಟದಿಂದಲ್ಲ. ಪ್ಯಾಂಟು ಸಿಕ್ಕಿಹಾಕಿಕೊಂಡಿತ್ತು. ಬಿಡಿಸಿಕೊಳ್ಳಲು ಹಿಂದೆ ಸರಿದ, ಆ ಕಡೆಯ ಗಿಡ ಹಿಡಿಯಿತು. ಮುಂದೆ ಬಂದ, ಈ ಕಡೆಯದು ಹಿಡಿಯಿತು. ಪರ್‌ರ್‌ರ್ ಎಂಬ ಸದ್ದು ನನಗೂ ಅವನಿಗೂ ಒಟ್ಟಿಗೇ ಕೇಳಿಸಿತು. ಅಲ್ಲಿಂದಾಚೆ ನಮ್ಮ ಕಾಗದಗಳು ಮನೆಗೆ ಬರುವುದು ನಿಂತಿತು. “ಸಾರ್, ಕಾಗದ ಬಂದ್ರೆ ಕೂಗ್ತೀನಿ, ನೀವೇ ಬೀದಿಗೆ ಬಂದು ಇಸ್ಕೊಳ್ಳಿ. ನನಗೂ ಹೆಂಡ್ತಿ ಮಕ್ಕಳಿದಾರೆ,” ಎಂದ.

ಅದೊಂದು ಮೇಲ್ಪಂಕ್ತಿಯಾಯಿತು. ಗ್ಯಾಸ್ ಸಿಲಿಂಡರಿನವನು ಸಿಲಿಂಡರನ್ನು ಗೇಟಿನಾಚೆ ಇಳಿಸಿ, ‘ಆಲ್ ದಿ ಬೆಸ್ಟ್ ಸಾರ್’ ಎಂದು ಹೋಗತೊಡಗಿದ. ಅದನ್ನು ಹೊತ್ತು ಅಡ್ಡಡ್ಡ ನಡೆಯುವುದು ಹೇಗಿರುತ್ತದೆ ಎಂದು ಬಲ್ಲವರೇ ಬಲ್ಲರು. ಹಾಲಿನವನು ಕಾಂಪೌಂಡ್ ಮೇಲಿಟ್ಟ ಹಾಲನ್ನು ಬೆಕ್ಕು ಕುಡಿಯಿತು. ಪೇಪರಿನವನು ರಸ್ತೆಯಿಂದಲೇ ಎಸೆದ ಪೇಪರು ಥಿಸಲ್‌ಗಳಿಗೆ ಚುಚ್ಚಿಕೊಂಡು ನಿಲ್ಲುತ್ತಿತ್ತು. ಮುಖಪುಟದ ದೊಡ್ಡ ಮನುಷ್ಯರೆಲ್ಲ ಮೂಗಿಗೊಂದು ಕೆನ್ನೆಗೊಂದು ತೂತು ಮಾಡಿಸಿಕೊಂಡು ನಮ್ಮ ಮನೆ ಸೇರಿದರು. ಯಾರ ಬಾಯಲ್ಲೂ ‘ಚೆನ್ನಾಗಿದೆ’ ಎಂಬ ಮೂರಕ್ಷರವೋ ನಾಲ್ಕಕ್ಷರವೋ ಬರಲಿಲ್ಲ. ಬಂದ ಅಕ್ಷರಗಳನ್ನು ಇಲ್ಲಿ ಬರೆಯಲಾಗದು.

ಮನೆಯ ಬಳಿ ಆಗದ ಕೆಲಸವನ್ನು ಅಂಗಡಿಯಲ್ಲಿ ಮಾಡೋಣ ಎಂದು ಉಪಾಯ ಹೂಡಿದೆ. ಥಿಸಲ್‌ನ ದೊಡ್ಡದೊಂದು ಬಣ್ಣದ ಫೋಟೋ ತೆಗೆಸಿ, ಕಣ್ಣು ಪರೀಕ್ಷಿಸುವ ಅಕ್ಷರದ ಹಲಗೆಯ ಕೆಳಗೆ ತೂಗುಹಾಕಿದೆ. ಕೇಳಬಾರದೆಂದು ತಾನೇ ಷರತ್ತು? ಕಣ್ಣಿನ ಅಂಗಡಿಯಲ್ಲಿ ‘ಏನು ಕಾಣುತ್ತೆ’ ಎಂದು ಕೇಳುವುದು ಕೇಳುವುದಲ್ಲ, ಕಸುಬು!

ನನ್ನಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವನೊಬ್ಬನಿದ್ದಾನೆ. ಬಹಳ ವರ್ಷಗಳಿಂದ ಗಾಜನ್ನೂ ನನ್ನನ್ನೂ ಒಟ್ಟಿಗೇ ಉಜ್ಜುತ್ತಿರುವುದರಿಂದ ಅವನಿಗೆ ಉಜ್ಜಣ್ಣ ಎಂದೇ ಹೆಸರು. ಫೋಟೋ ನೋಡಿ, “ಯಜಮಾನ್ರೇ, ಇದು ಕಣ್ಣಿಗೆ ಚುಚ್ಚುತ್ತೆ,” ಎಂದ. ನಾನು ಕೇಳಿಸಿಕೊಳ್ಳಲಿಲ್ಲ.

ಮೊದಲ ಗಿರಾಕಿ ದಪ್ಪ ಮೀಸೆಯ ವಕೀಲರು. ಹಳೆಯ ಕನ್ನಡಕ ತೆಗೆಸಿ, ಕುರ್ಚಿಯಲ್ಲಿ ಕೂರಿಸಿ, “ಎದುರಿಗೆ ನೋಡಿ,” ಎಂದೆ. ನೋಡಿದವರೇ, “ಆಹಾ! ನೀಲಿ ಹೂವು! ಎಷ್ಟು ಚೆನ್ನಾಗಿದೆಯಲ್ಲ!” ಎಂದುಬಿಟ್ಟರು. ಗೆದ್ದೆ! ಆದರೆ ವಕೀಲರ ಕಣ್ಣಿಗೆ ಆಗಿನ್ನೂ ಯಾವ ಗಾಜೂ ಇರಲಿಲ್ಲ. ಮೊದಲ ಗಾಜು ಹಾಕಿದೆ. “ಹೂಂ, ಪರವಾಗಿಲ್ಲ,” ಎಂದರು. ಎರಡನೆಯದು ಹಾಕಿದೆ. “ಏನೋ ಗೀರು ಗೀರಾಗಿದೆ,” ಎಂದರು. ಸರಿಯಾದ ನಂಬರು ಕೂತದ್ದೇ ತಡ, “ಅಯ್ಯೋ, ಮುಳ್ಳಲ್ವೇನ್ರೀ ಇದು! ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗೆ ಇದನ್ನ ಅಂಗಡೀಲಿ ಯಾಕ್ರೀ ಹಾಕಿದೀರಿ!” ಎಂದು ಕುರ್ಚಿ ಹಿಂದಕ್ಕೆ ಸರಿಸಿಕೊಂಡರು.

ಅವರ ಹಿಂದೆ ಬಂದ ಅಜ್ಜಿಗೆ ಗಾಜಿಲ್ಲದಾಗ ಚಂದ್ರ ಕಂಡಿತು, ಅರೆಗಾಜಿಗೆ ತಲೆ ಬಾಚಿಕೊಳ್ಳದ ಹುಡುಗ ಕಂಡ, ಪೂರ್ತಿ ಗಾಜಿಗೆ “ಥೂ” ಎಂಬುದೊಂದೇ ಉದ್ಗಾರ.

ಉಜ್ಜಣ್ಣ ಗಾಜು ಒರೆಸುತ್ತಾ, “ನಂಬರು ಸರಿಯಾದಷ್ಟೂ ಮೆಚ್ಚುಗೆ ಕಮ್ಮಿ ಆಗ್ತಿದೆ ಯಜಮಾನ್ರೇ. ಒಂದು ಕೆಲಸ ಮಾಡೋಣ. ಎಲ್ಲರಿಗೂ ತಪ್ಪು ಕನ್ನಡಕ ಕೊಟ್ಟುಬಿಡೋಣ. ಊರಿಗೆ ಊರೇ ಮೆಚ್ಚುತ್ತೆ,” ಎಂದ. ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಮಧ್ಯಾಹ್ನವೆಲ್ಲ ಅದನ್ನು ಯೋಚಿಸಿದೆ.

ವಕೀಲರ ಮೊದಲ ಮಾತನ್ನಂತೂ ಬಿಡುವ ಹಾಗಿರಲಿಲ್ಲ. ಮನೆಗೆ ಓಡಿಬಂದು ಹೆಂಡತಿಗೆ ಹೇಳಿದೆ. ಅವಳು ಮೂಗಿನ ಮೇಲಿನ ಕನ್ನಡಕ ಏರಿಸಿ, ಉತ್ತರಪತ್ರಿಕೆಗಳಿಂದ ತಲೆ ಎತ್ತದೆ, “ಕನ್ನಡಕ ಹಾಕಿದ ಮೇಲೆ ಏನಂದ್ರು?” ಎಂದಳು.

“ಅದು... ಬೇರೆ ವಿಷಯ.”

“ಕನ್ನಡಕ ಇಲ್ಲದವರ ಸಾಕ್ಷಿ ಯಾವ ಕೋರ್ಟಲ್ಲೂ ನಡೆಯಲ್ಲ. ವಕೀಲರಿಗೇ ಗೊತ್ತಿರುತ್ತೆ, ಕೇಳಿ,” ಎಂದು ಕೆಂಪು ಪೆನ್ನಿನಿಂದ ಗಾಳಿಯಲ್ಲೇ ಒಂದು ಗೀಟೆಳೆದಳು.

ಈ ಹಂತದಲ್ಲಿ ನನ್ನ ಅಕ್ಕನ ಪ್ರವೇಶವಾಗುತ್ತದೆ.

ನನ್ನಕ್ಕ ನನಗಿಂತ ಬಹಳ ದೊಡ್ಡವಳು. ನನ್ನ ತಲೆ ಅರ್ಧ ನರೆತಿದ್ದರೂ ಅವಳಿಗೆ ನಾನಿನ್ನೂ ‘ಪುಟ್ಟ’. ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಾಳೆ. ನಡುವಿನ ಹೊತ್ತಿನಲ್ಲಿ ಅಡುಗೆಮನೆಯ ಡಬ್ಬಗಳ ಮುಚ್ಚಳ ಒಂದೊಂದಾಗಿ ತೆಗೆದು ನೋಡುತ್ತಾಳೆ, ಕಪಾಟಿನ ಮೇಲೆ ಬೆರಳೆಳೆದು ಧೂಳು ಬೆಳಕಿಗೆ ಹಿಡಿಯುತ್ತಾಳೆ, ಸಕ್ಕರೆ ಡಬ್ಬ ಇದ್ದಲ್ಲಿ ಉಪ್ಪಿನ ಡಬ್ಬ, ಉಪ್ಪಿನ ಡಬ್ಬ ಇದ್ದಲ್ಲಿ ಸಕ್ಕರೆ ಡಬ್ಬ ಇಡುತ್ತಾಳೆ. ಹೀಗಾಗಿ ಸೋಮವಾರದ ಚಹಾ ನಮ್ಮಲ್ಲಿ ಯಾವಾಗಲೂ ಉಪ್ಪುಪ್ಪು. ನನ್ನ ಹೆಂಡತಿ ಎಲ್ಲದಕ್ಕೂ “ಹೂಂ ಅತ್ತಿಗೆ, ಆಯ್ತು ಅತ್ತಿಗೆ” ಎನ್ನುತ್ತಾಳೆ. ಆ ವಿನಯ ನೋಡಿ, ಇವರಿಬ್ಬರದು ಒಡಹುಟ್ಟಿದವರನ್ನೂ ಮೀರಿಸಿದ ಪ್ರೀತಿ ಎಂದು ನಾನು ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗಿದ್ದುಂಟು.

ಥಿಸಲ್ ಬೆಳೆಯುವ ಕಾಲಕ್ಕೆ ಅಕ್ಕ ಮಂಡಿನೋವಿನಿಂದ ತನ್ನ ಮನೆಯಲ್ಲೇ ಉಳಿದಿದ್ದಳು. ನೋವು ಕಳೆದು, ಹೊಸ ಶಾಲು ಹೊದ್ದು ಬಂದದ್ದು ಹೂವು ಪೂರ್ತಿ ಅರಳಿದ ಭಾನುವಾರ. ಒಡಹುಟ್ಟಿದ ಅಕ್ಕ, ತಮ್ಮನ ತೋಟ ಮೆಚ್ಚದಿರುತ್ತಾಳೆಯೇ ಎಂದು ನಾನು ಬಾಗಿಲಲ್ಲಿ ಕಾದು ನಿಂತೆ. ಅವಳು ಗೇಟು ತೆರೆದಳು. ಎರಡು ಹೆಜ್ಜೆ ಇಟ್ಟಳು. ಮೂರನೆಯದಕ್ಕೆ ಶಾಲು ಹಿಂದೆ ಉಳಿಯಿತು.

“ಯಾರೋ ಅದು ಎಳೆಯೋದು!” ಎಂದು ತಿರುಗಿದಳು. ತಿರುಗಿದ ರಭಸಕ್ಕೆ ಇನ್ನೊಂದು ಸೆರಗೂ ಸಿಕ್ಕಿತು. ಬಗ್ಗಿ ಬಿಡಿಸಲು ಹೋದಳು, ತುರುಬು ಸಿಕ್ಕಿತು. “ಪುಟ್ಟಾ!” ಎಂದು ಕೂಗಿದಳು. ನಾನು ಹಾರಿ ಬಂದೆ, ನಾನೂ ಸಿಕ್ಕಿಕೊಂಡೆ. ಅಕ್ಕ ತಮ್ಮ ಇಬ್ಬರೂ ಒಂದೇ ಗಿಡಕ್ಕೆ ಅಂಟಿಕೊಂಡು, ಅವಳು ಎಳೆದರೆ ನನಗೆ ಚುಚ್ಚಿ, ನಾನು ಎಳೆದರೆ ಅವಳಿಗೆ ಚುಚ್ಚಿ, ಬಾಲ್ಯದ ಜಗಳಗಳೆಲ್ಲ ನೆನಪಾದವು. ಕೊನೆಗೆ ಮೇಷ್ಟ್ರ ಮನೆಯಿಂದ ಕತ್ತರಿ ತರಿಸಿ ಶಾಲು ಕತ್ತರಿಸಬೇಕಾಯಿತು. ತುರುಬಿನ ಸ್ವಲ್ಪ ಭಾಗವನ್ನೂ.

ಆ ಹೊತ್ತಿನಲ್ಲಿ ನನ್ನ ಹೆಂಡತಿ ಬಾಗಿಲಲ್ಲಿ ಬಾಯಿಗೆ ಟವೆಲ್ ಒತ್ತಿ ಹಿಡಿದು, ಭುಜ ಕುಲುಕಿಸುತ್ತಾ ನಿಂತಿದ್ದಳು. ಕಣ್ಣಲ್ಲಿ ನೀರು. ಪಾಪ, ಅತ್ತಿಗೆಯ ಅವಸ್ಥೆ ನೋಡಲಾರದೆ ಅಳುತ್ತಿದ್ದಾಳೆ ಎಂದು ನನ್ನ ಕರುಳು ಚುರುಕ್ಕೆಂದಿತು.

ಅಕ್ಕ ಉಳಿದ ಶಾಲನ್ನು ಮಡಚಿ ಬಗಲಿಗಿಟ್ಟುಕೊಂಡು, ಗೇಟಿನಾಚೆ ನಿಂತು, ಇಡೀ ಬೀದಿಗೆ ಕೇಳಿಸುವಂತೆ ಹೇಳಿದಳು: “ಪುಟ್ಟಾ, ಕಿವಿಗೊಟ್ಟು ಕೇಳು. ಈ ಮುಳ್ಳು ಇಲ್ಲಿರೋ ತನಕ ನಾನು ಈ ಗೇಟು ದಾಟಲ್ಲ. ನನ್ನ ಮಾತು ಅಂದ್ರೆ ಮಾತು!”

“ಅಕ್ಕಾ, ಹೀಗನ್ನಬೇಡ...”

“ಅತ್ತಿಗೆ, ನೀವು ಹೀಗೆ ಹೊರಟರೆ ನಮಗೆ ಹೇಗೆ!” ಎಂದಳು ಹೆಂಡತಿ, ಟವೆಲ್‌ನೊಳಗಿಂದ. ದನಿ ನಡುಗುತ್ತಿತ್ತು. ಅಕ್ಕ ಬಂದ ಬಸ್ಸಿಗೇ ಹಿಂದಿರುಗಿದಳು.

ಅಲ್ಲಿಂದ ಮನೆಯಲ್ಲಿ ವಿಚಿತ್ರ ಬದಲಾವಣೆಗಳು ಶುರುವಾದವು. ಹೆಂಡತಿ ಪಾತ್ರೆ ತೊಳೆಯುವಾಗ ಹಾಡು ಗುನುಗತೊಡಗಿದಳು. ಸಂಕಟ ಮರೆಯಲು ಜನ ಹಾಡುತ್ತಾರೆಂದು ಎಲ್ಲೋ ಓದಿದ್ದೆ. ಭಾನುವಾರ ಬಿಸಿಲು ನೆತ್ತಿಗೆ ಬರುವವರೆಗೆ ಮಲಗತೊಡಗಿದಳು. ಕೊರಗಿದವರಿಗೆ ಹಾಸಿಗೆ ಬಿಡಲು ಮನಸ್ಸಾಗುವುದಿಲ್ಲ ಎಂದುಕೊಂಡೆ. ಸೋಮವಾರದ ಚಹಾ ಸಿಹಿಯಾಗಿತ್ತು. ಇನ್ನೂ ಆಶ್ಚರ್ಯವೆಂದರೆ, ನೀರೇ ಬೇಡದ ಥಿಸಲ್‌ಗಳ ಬುಡ ಸಂಜೆ ಬಂದು ನೋಡಿದರೆ ಒದ್ದೆ!

“ಯಾರೇ ನೀರು ಹಾಕಿದ್ದು?”

“ಇಬ್ಬನಿ ಬಿದ್ದಿರ್ಬೇಕು.”

“ಸಾಯಂಕಾಲಾನೇ?”

“ಈ ಸಲ ಬೇಗ ಬಿದ್ದಿದೆ.”

ಗಾಳಿಗೆ ವಾಲಿದ್ದ ಒಂದು ಗಿಡಕ್ಕೆ ಯಾರೋ ಕೋಲು ನೆಟ್ಟು ದಾರ ಕಟ್ಟಿ ನಿಲ್ಲಿಸಿದ್ದರು. ಕೋಲು ಯಾವುದು ಅಂದರೆ, ಕಪ್ಪುಹಲಗೆಯ ಮೇಲೆ ಲೆಕ್ಕ ತೋರಿಸುವ ಕೋಲು! ಮೇಷ್ಟ್ರು ಕಟ್ಟಿರಬೇಕು, ಹಳೇ ವೃತ್ತಿಯ ಅಭ್ಯಾಸ ಎಂದು ತೀರ್ಮಾನಿಸಿದೆ. ಕಾಣುವ ವಿಷಯದಲ್ಲಿ ನನ್ನನ್ನು ಮೀರಿಸುವವರುಂಟೆ?

ಇತ್ತ ಹೂವುಗಳು ಕಂದತೊಡಗಿದವು. ನೀಲಿ ಹೋಗಿ ಬೂದಿ, ಬೂದಿ ಹೋಗಿ ಕಂದು. ಒಬ್ಬನೇ ಒಬ್ಬ ಮೆಚ್ಚಿರಲಿಲ್ಲ. ಪಂದ್ಯ ಸೋತಂತೆಯೇ. ಗಂಡಸಿನಂತೆ ಸೋಲೊಪ್ಪಿಕೊಳ್ಳೋಣವೆಂದು ಹೆಂಡತಿಯ ಮುಂದೆ ತಲೆ ತಗ್ಗಿಸಿ ನಿಂತೆ.

“ಹೂ ಒಣಗಿತು ಕಣೇ. ನೀನು ಗೆದ್ದೆ. ನಾಳೆ ಕಿತ್ತು ಪಾತಿ ಮಾಡ್ತೀನಿ.”

“ಎಲ್ಲಿ ಒಣಗಿದೆ? ಆ ಮೂಲೇಲಿ ಒಂದರಲ್ಲಿ ಇನ್ನೂ ನೀಲಿ ಇದೆ ನೋಡಿ.”

“ಅದು ನೀಲಿಯಲ್ಲ, ಬೂಷ್ಟು.”

“ಇರ್ಲಿ ಬಿಡಿ. ಇನ್ನೊಂದು ತಿಂಗಳು ನೋಡೋಣ. ಅಲ್ಲಾ, ಮುಂದಿನ ವರ್ಷ ಮತ್ತೆ ಹೂ ಬಿಡುತ್ತಲ್ಲಾ, ಅಲ್ಲೀತನಕ ಗಡುವು ಇಟ್ಕೊಳ್ಳೋಣ. ನನಗೇನು ಟೊಮೇಟೊಗೆ ಅವಸರ ಇಲ್ಲ.”

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಕರುಣೆ! ಹೆಂಡತಿಯಿಂದ ಗಂಡನಿಗೆ ಗ್ರೇಸ್ ಮಾರ್ಕ್ಸ್! ಮದುವೆಯಾದ ಲಾಗಾಯ್ತಿನಿಂದ ಒಂದು ವಾದದಲ್ಲೂ ನನ್ನನ್ನು ಬಿಡದಿದ್ದವಳು ಈಗ ಬಿಡುತ್ತಿದ್ದಾಳೆಂದರೆ ನಾನು ಅವಳ ಕಣ್ಣಿಗೆ ಎಷ್ಟು ದಯನೀಯನಾಗಿ ಕಾಣುತ್ತಿರಬೇಕು! ಮೇಲಾಗಿ ಪಾಪ, ಅತ್ತಿಗೆಯಿಲ್ಲದೆ ಒಳಗೊಳಗೇ ಸೊರಗುತ್ತಿದ್ದಾಳೆ, ನನ್ನ ಮನಸ್ಸು ನೋಯಬಾರದೆಂದು ಮುಳ್ಳನ್ನೂ ಸಹಿಸುತ್ತಿದ್ದಾಳೆ. ಇಂಥ ಹೆಂಡತಿಗಾಗಿ ನಾಲ್ಕು ಗಿಡ ಕೀಳಲಾರೆನೇ? ಮರುದಿನ ಬೆಳಿಗ್ಗೆ, ಬಾಯಿ ತುಂಬ ನೊರೆಯೊಂದಿಗೆ, ನನ್ನ ಬದುಕಿನ ಅತ್ಯಂತ ಉದಾತ್ತ ನಿರ್ಧಾರ ಮಾಡಿದೆ.

ಅವಳು ಶಾಲೆಗೆ ಹೋದದ್ದೇ ಅಂಗಡಿಯನ್ನು ಉಜ್ಜಣ್ಣನಿಗೆ ಒಪ್ಪಿಸಿ ಗುದ್ದಲಿ ಹಿಡಿದೆ. ಥಿಸಲ್ ಬೆಳೆಯುವುದಕ್ಕೆ ಏನೂ ಬೇಡ ಎಂ‌ದೆನಲ್ಲ, ಹೋಗುವುದಕ್ಕೆ ಪ್ರಾಣವೇ ಬೇಕು. ಮೇಲೆ ಎಷ್ಟಿದೆಯೋ ಕೆಳಗೂ ಅಷ್ಟೇ ಇದೆ. ಒಂದೊಂದು ಬೇರೂ ಮೂಲಂಗಿಯಂತೆ ನೆಟ್ಟಗೆ ಪಾತಾಳಕ್ಕಿಳಿದಿತ್ತು. ಕಾಂಡ ಹಿಡಿದರೆ ಅಂಗೈಗೆ, ಬಗ್ಗಿದರೆ ಮೂಗಿಗೆ, ಜೋರಾಗಿ ಎಳೆದು ಹಿಂದಕ್ಕೆ ಬಿದ್ದರೆ, ಹಿಂದಿನ ಸಾಲು ನನ್ನನ್ನು ಪ್ರೀತಿಯಿಂದ ಸ್ವಾಗತಿಸಿತು. ಆಮೇಲೆ ಎರಡು ದಿನ ನಾನು ಅಂಗಡಿಯಲ್ಲಿ ನಿಂತೇ ಕಣ್ಣು ಪರೀಕ್ಷಿಸಿದ್ದು ಅದೇ ಕಾರಣಕ್ಕೆ. ಮೇಷ್ಟ್ರು ಕಾಂಪೌಂಡಿಗೆ ಒರಗಿ ನಿಂತು, “ಅಂತೂ ಸೊಂಟ ಸರಿಹೋಯ್ತಲ್ಲಪ್ಪಾ!” ಎಂದು ಹರಸಿದರು.

ಕೊನೆಯ ಗಿಡ ಕಿತ್ತು, ಬೆವರೊರೆಸಿಕೊಂಡು, ಹೆಂಡತಿಗೆ ಇನ್ನೊಂದು ಸಂತೋಷ ಕೊಡೋಣವೆಂದು ಅಕ್ಕನಿಗೆ ಫೋನ್ ಮಾಡಿದೆ.

“ಅಕ್ಕಾ, ಮುಳ್ಳು ತೆಗೆದೆ! ಒಂದೂ ಬಿಟ್ಟಿಲ್ಲ. ಬಾ.”

“ನಿಜವಾಗ್ಲೂ? ನನ್ನ ಮೇಲೆ ಆಣೆ?”

“ಆಣೆ! ಇವಳಂತೂ ನಿನ್ನ ನೆನೆಸಿಕೊಂಡು ಕೊರಗಿ ಹಾಡು ಹೇಳೋಕೆ ಶುರು ಮಾಡಿದಾಳೆ.”

ಅಕ್ಕ ಗದ್ಗದಿತಳಾದಳು. “ಅಯ್ಯೋ ಪಾಪ! ಇವತ್ತೇ ಮಧ್ಯಾಹ್ನದ ಬಸ್ಸಿಗೆ ಹೊರಡ್ತೀನಿ ಕಣೋ. ಎಷ್ಟೊಂದು ಭಾನುವಾರ ಬಾಕಿ ಇದೆ, ಎಲ್ಲಾ ಸೇರಿಸಿ ಒಂದೇ ಸಲ ಇದ್ದುಬಿಡ್ತೀನಿ. ಒಂದು ತಿಂಗಳು. ಅಡುಗೆಮನೆ ಏನಾಗಿದೆಯೋ ಏನೋ!”

ಸಂಜೆ ಹೆಂಡತಿ ಬರುವ ಹೊತ್ತಿಗೆ ನಾನು ಕೈಮೈಗೆಲ್ಲ ಮುಲಾಮು ಹಚ್ಚಿಕೊಂಡು, ಹದಮಾಡಿದ ನೆಲದ ಪಕ್ಕ ಕೈಕಟ್ಟಿ ನಿಂತಿದ್ದೆ. ಅವಳು ಗೇಟು ತೆರೆದಳು. ರೂಢಿಯಂತೆ ಅಡ್ಡಡ್ಡ ತಿರುಗಿ, ಹೊಟ್ಟೆ ಒಳಗೆಳೆದುಕೊಂಡಳು. ಎರಡೂ ಕಡೆ ಏನೂ ಇಲ್ಲ. ಹೆಗಲ ಚೀಲ ಕೆಳಗೆ ಬಿತ್ತು, ಉತ್ತರಪತ್ರಿಕೆಗಳೆಲ್ಲ ಚೆಲ್ಲಿದವು.

“ಎಲ್ರೀ ಗಿಡ?”

“ಕಿತ್ತೆ!”

“ಎಲ್ಲಾನೂ?”

“ಬೇರು ಸಮೇತ!”

“ಅಯ್ಯೋ! ಅಯ್ಯಯ್ಯೋ! ಯಾರು ಹೇಳಿದ್ರು ನಿಮಗೆ! ಎಷ್ಟು ಚೆನ್ನಾಗಿತ್ರೀ ಆ ಗಿಡ! ಈ ಊರಲ್ಲೇ ಅಂಥ ಚೆಂದದ ಗಿಡ ಇರಲಿಲ್ಲವಲ್ರೀ!”

ನಾನು ಅಲ್ಲೇ ಒಂದು ಅಡಿ ಮೇಲಕ್ಕೆ ಹಾರಿದೆ. “ಅಂದೆ! ಅಂದೆ! ನಾನು ಕೇಳಲಿಲ್ಲ, ನಾನು ಹೇಳಿಕೊಡಲಿಲ್ಲ, ನೀನಾಗೇ ಅಂದೆ! ಅದೂ ಕನ್ನಡಕ ಹಾಕ್ಕೊಂಡು, ನೀನೇ ಕೊಟ್ಟ ಗಡುವಿನೊಳಗೆ! ಗೆದ್ದೆ! ಜಾಗ ನಂದು!”

ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ನನ್ನ ಗೆಲುವು ಅವಳ ಕಿವಿಗೆ ಬಿದ್ದಂತೆಯೇ ಕಾಣಲಿಲ್ಲ. ನಿಧಾನವಾಗಿ, “ದಿನಾ ಬಕೆಟ್‌ಗಟ್ಟಲೆ ನೀರು ಹೊತ್ತು ಹಾಕಿದೆ. ಪಾಠದ ಕೋಲು ತಂದು ಕಟ್ಟಿದೆ. ಎಂಥಾ ಭಾನುವಾರಗಳು! ಸಕ್ಕರೆ ಡಬ್ಬ ಇಟ್ಟ ಕಡೆ ಇರೋದು!” ಎಂದಳು. ನನಗೆ ಆಗ ಒಂದೊಂದೇ ಅರ್ಥವಾಗತೊಡಗಿತು. ಹಾಡು, ಇಬ್ಬನಿ, ಟವೆಲ್. ಕಾಲ ಕೆಳಗಿನ ನೆಲ, ನಾನೇ ಅಗೆದಿದ್ದರಿಂದಲೋ ಏನೋ, ಸ್ವಲ್ಪ ಕುಸಿಯಿತು.

“ಏನೇ, ಒಂದು ವಿಷಯ ಹೇಳೋದಿತ್ತು,” ಎಂದೆ.

“ಏನು?”

“ಅಕ್ಕನಿಗೆ ಫೋನ್ ಮಾಡಿದ್ದೆ.”

ಅವಳು ಮುಖ ಎತ್ತಿದಳು. ಇಷ್ಟು ವರ್ಷ ನಾನು ನೋಡಿದ ಕಣ್ಣುಗಳಲ್ಲಿ ಅಂಥ ಕಣ್ಣು ಇನ್ನೊಂದಿಲ್ಲ. “ಯಾವ ಭಾನುವಾರ ಬರ್ತಾರಂತೆ?”

“ಭಾನುವಾರ ಅಲ್ಲ. ಇವತ್ತೇ. ಒಂದು ತಿಂಗಳಿಗೆ.”

ಬೀದಿಯ ತುದಿಯಲ್ಲಿ ಬಸ್ಸು ನಿಂತ ಸದ್ದಾಯಿತು. ಅಕ್ಕ ಇಳಿದಳು. ಅವಳ ಹಿಂದೆ ಒಂದು ಸೂಟ್‌ಕೇಸ್ ಇಳಿಯಿತು. ಅದರ ಹಿಂದೆ ಇನ್ನೊಂದು.

ಹೆಂಡತಿ ಎದ್ದಳು. ಉತ್ತರಪತ್ರಿಕೆಗಳನ್ನು ಜೋಡಿಸಿಕೊಂಡಳು. ಬಹಳ ಶಾಂತಳಾಗಿದ್ದಳು, ಹೆದರಿಕೆಯಾಗುವಷ್ಟು.

“ಪಂದ್ಯ ಗೆದ್ರಿ. ಜಾಗ ಜನ್ಮಪೂರ್ತಿ ನಿಮ್ಮದೇ. ಹೋಗಿ, ಗೇಟಿನ ಪಕ್ಕದ ಆ ಗುಂಡೀಲಿ ನಿಂತ್ಕೊಳ್ಳಿ. ಆ ಗಿಡ ಇಷ್ಟು ದಿನ ಮಾಡ್ತಿದ್ದ ಕೆಲಸ ಇನ್ಮೇಲೆ ನೀವು ಮಾಡಿ,” ಎಂದು ಒಳಗೆ ಹೋಗಿ ಸಕ್ಕರೆ ಡಬ್ಬ ಬಚ್ಚಿಡತೊಡಗಿದಳು.

ಹೋಗಿ ಗುಂಡಿಯಲ್ಲಿ ನಿಂತೆ. ಎದೆ ಮುಂದೆ ಮಾಡಿದೆ. ಎರಡೂ ಮೊಣಕೈಗಳನ್ನು ಮುಳ್ಳಿನಂತೆ ಹೊರಗೆ ಚಾಚಿದೆ. ಅಕ್ಕ ಗೇಟು ತೆರೆದಳು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಚಾಚಿದ ಕೈಗಳಿಗೆ ಒಂದೊಂದು ಸೂಟ್‌ಕೇಸ್ ತಗುಲಿಹಾಕಿದಳು.

“ಸರಿಯೋ ಪುಟ್ಟಾ,” ಎಂದಳು.

ಸರಿದೆ.